ಸಿಮೆಯೋನನ ತೋಳುಗಳು

(ಪ್ರಭುವಿನ ಸಮರ್ಪಣೆಯ ಹಬ್ಬದ ಪ್ರಬೋಧನೆ. ಫೆಬ್ರವರಿ 2. ವಾಚನಗಳು: ಮಲಾಕಿಯ 3:1-4, ಹಿಬ್ರಿಯರಿಗೆ 2:14-18, ಲೂಕ 2:22-40)



ಕ್ರಿಸ್ತಜಯಂತಿಯಾಗಿ ಇಂದಿಗೆ ನಲವತ್ತು ದಿನ. ನಮ್ಮ ಮನೆಗಳಲ್ಲಿ ಇನ್ನೂ ಬಾಣಂತನ ಮುಗಿಯದ ಸಮಯ. ಆ ಸಮಯದಲ್ಲಿ ಮರಿಯಮ್ಮ ಮತ್ತು ಜೋಸೆಫರು ಕೂಸನ್ನು ಎತ್ತಿಕೊಂಡು ಬೆತ್ಲೆಹೇಮಿನಿಂದ ಜೆರುಸಲೇಮಿಗೆ ಬರುತ್ತಾರೆ. ಕುರಿಮರಿ ಕೊಡುವ ಶಕ್ತಿ ಇಲ್ಲದವರು ಜೋಡಿ ಹಕ್ಕಿಗಳನ್ನು ಕೊಡಬಹುದೆಂದು ಧರ್ಮಶಾಸ್ತ್ರದಲ್ಲಿತ್ತು. ಇವರು ಕೊಟ್ಟದ್ದು ಹಕ್ಕಿಗಳನ್ನೇ. ಅಂದರೆ ಕೈಯಲ್ಲಿ ಕಾಸಿಲ್ಲದ, ನಿದ್ದೆಗೆಟ್ಟ ಎಳೆಯ ದಂಪತಿ. ಗ್ರೀಕ್ ಧರ್ಮಸಭೆಯವರು ಈ ಹಬ್ಬವನ್ನು 'ಭೇಟಿ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಅದು ಯಾವ ತರಹದ ಭೇಟಿ ಎಂಬುದನ್ನೇ ಇಂದು ಸ್ವಲ್ಪ ನೋಡೋಣ.

ಸಿಮೆಯೋನ ಬಂದ. ಮಾಡಿದ ಮೊದಲ ಕೆಲಸ ಏನು? ಸ್ತುತಿಗೀತೆ ಹಾಡಿದನೇ? ಪ್ರವಾದನೆ ನುಡಿದನೇ? ಲೂಕರು ಕ್ರಮವಾಗಿ ಬರೆಯುತ್ತಾರೆ. ಮೊದಲು ಅವನು ಮಗುವನ್ನು ತನ್ನ ತೋಳುಗಳಲ್ಲಿ ತೆಗೆದುಕೊಂಡ. ಆಮೇಲೆ ಬಾಯಿ ತೆರೆದ. ಮೂಲ ಗ್ರೀಕ್ ಭಾಷೆಯಲ್ಲಿರುವ ಪದ ಬಾಗಿದ ತೋಳನ್ನು ಸೂಚಿಸುತ್ತದೆ, ಎಳೆಗೂಸನ್ನು ಎತ್ತಿಕೊಂಡಾಗ ನಮ್ಮ ತೋಳು ಬಾಗುತ್ತದಲ್ಲ, ಹಾಗೆ. ಅಂದಹಾಗೆ, ಸಿಮೆಯೋನ ಮುದುಕನಾಗಿದ್ದನೆಂದು ಲೂಕರು ಎಲ್ಲಿಯೂ ಬರೆದಿಲ್ಲ. ಬಿಳಿ ಗಡ್ಡ ಬೆಳೆಸಿದವರು ಚಿತ್ರಕಾರರು. ಹಾಗಾಗಿ 'ಅದೆಲ್ಲ ವಯಸ್ಸಾದವರ ಕೆಲಸ' ಎಂದು ಯಾರೂ ಹಿಂದಿನ ಬೆಂಚಿಗೆ ಸರಿಯುವಂತಿಲ್ಲ.

ಅವನು ಎತ್ತಿಕೊಂಡ ಆ ಹೊತ್ತು ಮರಿಯಮ್ಮನ ತೋಳುಗಳು ಖಾಲಿಯಾದವು. ನಲವತ್ತು ದಿನಗಳಲ್ಲಿ ಬಹುಶಃ ಮೊದಲ ಬಾರಿಗೆ ಅಪರಿಚಿತನೊಬ್ಬ 'ಇಲ್ಲಿ ಕೊಡಮ್ಮ' ಎಂದು ಕೈ ಚಾಚಿದ. ಈ ಸಾಲನ್ನು ನಾನು ಗುರುಮಠದಲ್ಲಿ ಓದಿದ್ದೇನೆ, ರಾತ್ರಿಯ ಜಪದಲ್ಲಿ ಸಿಮೆಯೋನನ ಸ್ತುತಿಯನ್ನು ದಿನವೂ ಹೇಳುತ್ತೇನೆ. ಆದರೂ ಇದರ ಅರ್ಥ ನನಗೆ ತಿಳಿದದ್ದು ಕಳೆದ ವರ್ಷ, ಅದೂ ನಾನು ಮಾಡಿದ ಒಂದು ತಪ್ಪಿನಿಂದ. ಆ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು, ಬಡಾವಣೆ ಹೇಳುವುದಿಲ್ಲ. ಗೊತ್ತಿರುವವರು ದಯವಿಟ್ಟು ಪಕ್ಕದವರಿಗೆ ಪಿಸುಗುಟ್ಟಬೇಡಿ.

ಕಳೆದ ಫೆಬ್ರವರಿ 3, ಸಂತ ಬ್ಲೇಸರ ದಿನ. ಸಂತ ಬ್ಲೇಸರು 4ನೇ ಶತಮಾನದ ಆರಂಭದಲ್ಲಿ ರಕ್ತಸಾಕ್ಷಿಯಾದ, ಇಂದು ಟರ್ಕಿ ದೇಶದಲ್ಲಿರುವ ಸೆಬಾಸ್ತೆ ಪಟ್ಟಣದ ಧರ್ಮಾಧ್ಯಕ್ಷರು. ವೈದ್ಯರೂ ಆಗಿದ್ದರೆಂದೂ, ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹುಡುಗನನ್ನು ಉಳಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಇಂದು ಆಶೀರ್ವದಿಸುವ ಮೇಣದ ಬತ್ತಿಗಳಲ್ಲಿ ಎರಡನ್ನು ಶಿಲುಬೆಯಂತೆ ಜೋಡಿಸಿ ನಾಳೆ ನಿಮ್ಮ ಗಂಟಲಿಗೆ ಹಿಡಿದು ಆಶೀರ್ವದಿಸುತ್ತೇವಲ್ಲ, ಅದೇ ಆಚರಣೆ. ಅಂದು ಸಂಜೆ ಸಾಲು ಉದ್ದವಿತ್ತು. ನನಗೆ ಅವಸರ. ಒಬ್ಬ ತಾಯಿ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಮುಂದೆ ಬಂದಳು. ಕೂಸಿನ ಮೂಗಿನಿಂದ ಸಣ್ಣ ಟ್ಯೂಬು ಹೊರಬಂದು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿತ್ತು. ಕ್ರಿಸ್ತಜಯಂತಿಗೆ ಮುಂಚೆ ಆಸ್ಪತ್ರೆಯಲ್ಲಿ ಆ ಮಗುವನ್ನು ನೋಡಿದ್ದೆ. ಆತ್ಮೀಯತೆಯಿಂದ ಮಾತನಾಡುತ್ತಿದ್ದೇನೆ ಎಂದುಕೊಂಡು ಗಟ್ಟಿಯಾಗಿ ಕೇಳಿಬಿಟ್ಟೆ, "ಏನಮ್ಮಾ, ಇನ್ನೂ ಟ್ಯೂಬು ತೆಗೆದಿಲ್ವಾ? ಮಗು ಹಾಲು ಕುಡಿಯಲ್ವಾ?"

ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಆಕೆ ಸೆರಗನ್ನು ಮಗುವಿನ ಮುಖದ ಮೇಲೆಳೆದುಕೊಂಡು ಹೊರಟುಹೋದಳು. ಮಗುವಿನ ಗಂಟಲಿಗೆ ಆಶೀರ್ವಾದ ಆಗಲೇ ಇಲ್ಲ. ತಪಸ್ಸುಕಾಲ ಬಂತು, ಶಿಲುಬೆಹಾದಿ ಶುಕ್ರವಾರಗಳು ಕಳೆದವು, ಆ ಕುಟುಂಬ ದೇವಾಲಯದ ಕಡೆ ತಲೆ ಹಾಕಲಿಲ್ಲ. ಹೋಗಿ ವಿಚಾರಿಸಲು ನನಗೆ ಆರು ವಾರ ಬೇಕಾಯಿತು. ಕೆಲಸವಿತ್ತು ಎಂದು ಹೇಳಬಹುದು. ನಿಜ ಏನೆಂದರೆ ನಾಚಿಕೆ.

ಆ ಮನೆಯಲ್ಲಿ ಕುಳಿತು ನಾನು ಕಲಿತದ್ದನ್ನು ಹೇಳುತ್ತೇನೆ. ಮಗು ಹುಟ್ಟಿದ್ದು 29 ವಾರಕ್ಕೆ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಸಾಮರ್ಥ್ಯ ಮಗುವಿಗೆ ತಾಯ ಗರ್ಭದಲ್ಲಿ ಸುಮಾರು 34ನೇ ವಾರದ ಹೊತ್ತಿಗೆ ಬರುತ್ತದಂತೆ. ಅದಕ್ಕೆ ಮುಂಚೆ ಹುಟ್ಟಿದವರಿಗೆ ಮೊದಲು ಟ್ಯೂಬಿನಲ್ಲಿ, ನಂತರ ಒಳಲೆ ಅಥವಾ ಚಮಚದಲ್ಲಿ, ಆಮೇಲೆ ತಾಯಿಯ ಎದೆಯಲ್ಲಿ. ನಮ್ಮ ಅಜ್ಜಿಯಂದಿರು ಹಾಲೂಡಿಸುತ್ತಿದ್ದ ಅದೇ ಒಳಲೆಯನ್ನು ಇಂದಿಗೂ ಆಸ್ಪತ್ರೆಗಳ ನವಜಾತ ಶಿಶು ವಿಭಾಗದಲ್ಲಿ ನರ್ಸುಗಳು ಬಳಸುತ್ತಾರೆ ಎಂದು ತಿಳಿದು ನನಗೆ ಸಂತೋಷವಾಯಿತು. ಬಹಳ ಮಕ್ಕಳು ಕೆಲವು ವಾರಗಳಲ್ಲಿ ಈ ಮೆಟ್ಟಿಲು ಹತ್ತುತ್ತಾರೆ. ಕೆಲವರಿಗೆ ಆಗುವುದಿಲ್ಲ. ಈ ಮಗುವಿಗೆ ನುಂಗಿದ ಹಾಲು ದಾರಿ ತಪ್ಪಿ ಉಸಿರುಗೊಳವೆಗೆ ಇಳಿಯುತ್ತಿತ್ತು. ಬಾಯಿಂದ ಕೊಟ್ಟರೆ ಶ್ವಾಸಕೋಶಕ್ಕೆ ಅಪಾಯ. ಹಾಗಾಗಿ ಟ್ಯೂಬಿನ ಸಮೇತ ಮನೆಗೆ ಕಳುಹಿಸಿದ್ದರು.

ಮೂರು ಗಂಟೆಗೊಮ್ಮೆ ಊಟ. ದಿನಕ್ಕೆ 8 ಸಲ. ತಾಯಿ ಮೊದಲು ಎದೆಹಾಲನ್ನು ಹಿಂಡಬೇಕು. ಟ್ಯೂಬು ಸರಿಯಾದ ಜಾಗದಲ್ಲಿದೆಯೇ ಎಂದು ಆಸ್ಪತ್ರೆಯವರು ಕಲಿಸಿದಂತೆ ಪರೀಕ್ಷಿಸಬೇಕು. ಸಿರಿಂಜನ್ನು ಎತ್ತಿ ಹಿಡಿದು ಹಾಲು ತಾನಾಗಿ ಇಳಿಯುವವರೆಗೆ ಕಾಯಬೇಕು. ಮುಗಿದ ಮೇಲೆ ಮಗುವನ್ನು ಮಲಗಿಸುವಂತಿಲ್ಲ, ವಾಂತಿಯಾಗುತ್ತದೆ. ಅರ್ಧ ಗಂಟೆ ನೆಟ್ಟಗೆ ಎದೆಗೊರಗಿಸಿಕೊಂಡು ಇರಬೇಕು. ನಂತರ ಪಾತ್ರೆಗಳನ್ನು ಕುದಿಸಬೇಕು. ಒಂದು ಸಲಕ್ಕೆ ಒಂದೂವರೆ ಗಂಟೆ. ಎಂಟರಿಂದ ಗುಣಿಸಿ, ಹನ್ನೆರಡು ಗಂಟೆ. ಅದು ವಾಂತಿ ಆಗದ ದಿನದ ಲೆಕ್ಕ. ಆಗ ನನಗೆ ತಿಳಿಯಿತು, ಭಾನುವಾರ ಎಂಟೂವರೆಯ ಪೂಜೆಗೆ ಆಕೆ ಯಾಕೆ ಬರುತ್ತಿಲ್ಲ ಎಂದು. ಎಂಟೂವರೆಗೆ ಆಕೆಯ ಕೈಯಲ್ಲಿ ಸಿರಿಂಜು ಇರುತ್ತದೆ.

"ಏನು ಸಹಾಯ ಬೇಕಮ್ಮ?" ಎಂದು ಕೇಳಿದೆ. ದುಡ್ಡು ಕೇಳಬಹುದು, ವಿಶೇಷ ಪೂಜೆ ಕೇಳಬಹುದು ಎಂದುಕೊಂಡಿದ್ದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾದರ್, ಹಾಲು ಕೊಟ್ಟಾದ ಮೇಲೆ ಆ ಅರ್ಧ ಗಂಟೆ ಯಾರಾದರೂ ಎತ್ಕೊಂಡ್ರೆ ನಾನು ತಲೆಗೆ ಸ್ನಾನ ಮಾಡ್ತಿದ್ದೆ. ಹತ್ತು ದಿನ ಆಯ್ತು," ಎಂದಳು.

ಪ್ರಿಯರೇ, ನಾವು ಆ ಮನೆಗೆ ಹೋಗಿರಲಿಲ್ಲವೆಂದಲ್ಲ, ಬಹಳ ಜನ ಹೋಗಿದ್ದೆವು. ತೋಳು ಚಾಚುವ ಬದಲು ಬಾಯಿ ತೆರೆದಿದ್ದೆವು. ಒಬ್ಬರು ಬಜೆ ತೇಯ್ದು ನೆಕ್ಕಿಸಿ ಎಂದರು. ಇನ್ನೊಬ್ಬರು ಜೇನುತುಪ್ಪ ಎಂದರು. ಬೀದಿಯಲ್ಲಿ ಕತ್ತೆಹಾಲು ಮಾರುವವನನ್ನು ಬಾಗಿಲಿಗೇ ಕರೆತಂದವರೂ ಇದ್ದಾರೆ. ನಮ್ಮವರೇ ಒಬ್ಬರು ವೇಳಾಂಕಣ್ಣಿಯಿಂದ ತಂದ ಎಣ್ಣೆಯನ್ನು ನಾಲಿಗೆಗೆ ಸವರಲು ಹೋದರು. ಈ ವಿಷಯದಲ್ಲಿ ನಾನು ಧರ್ಮಗುರುವಾಗಿ ಸ್ಪಷ್ಟವಾಗಿ ಹೇಳಬೇಕು. ಸುರಕ್ಷಿತವಾಗಿ ನುಂಗಲಾರದ ಮಗುವಿನ ಬಾಯಿಗೆ ವೈದ್ಯರು ಹೇಳದೆ ಏನನ್ನೂ ಹಾಕಬಾರದು. ತೀರ್ಥವನ್ನೂ ಹಾಕಬಾರದು, ಪವಿತ್ರ ಎಣ್ಣೆಯನ್ನೂ ಹಾಕಬಾರದು. ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಸಾಕು. ಕೃಪೆಗೆ ದೇವರು ಬೇರೆ ದಾರಿ ಇಟ್ಟಿದ್ದಾರೆ. ಜೇನಂತೂ ಆರೋಗ್ಯವಂತ ಮಗುವಿಗೂ ಒಂದು ವರ್ಷ ತುಂಬುವವರೆಗೆ ಬೇಡ. ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು.

ಇವೆಲ್ಲಕ್ಕಿಂತ ಆಳವಾಗಿ ನಾಟಿದ್ದು ಬೇರೆ. ಜ್ಞಾನತಾಯಿ ಪ್ರೀತಿಯಿಂದ ಒಂದು ಬೆಳ್ಳಿಯ ಒಳಲೆ ತಂದು ಕೊಟ್ಟಿದ್ದರು. ಅದು ಶೋಕೇಸಿನಲ್ಲಿ ಹಾಗೇ ಇತ್ತು. ಬಂದ ನೆಂಟರೆಲ್ಲ ಅದನ್ನು ನೋಡಿ, "ಇನ್ನೂ ಇದರಲ್ಲಿ ಕುಡಿಸ್ಲಿಲ್ವಾ? ನಿನಗೆ ಹಾಲು ಸಾಲದೇನೋ," ಎನ್ನುತ್ತಿದ್ದರಂತೆ. ಹಾಲು ಸಾಲದ ತಾಯಿ! ಫ್ರಿಜ್ಜಿನಲ್ಲಿ ಸಾಲಾಗಿ ಬಾಟಲಿಗಳು, ಪ್ರತಿಯೊಂದರ ಮೇಲೂ ಹಿಂಡಿದ ಗಂಟೆ ಬರೆದ ಚೀಟಿ. ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಹಿಂಡಿದ ಹಾಲು ಎದೆಯಿಂದ ನೇರವಾಗಿ ಹೋಗಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆ ತಾಯ್ತನದಲ್ಲಿ ಸೋತವಳೆಂಬಂತೆ ನಾವು ಮಾತನಾಡಿದೆವು. ಸಿಮೆಯೋನ ಮರಿಯಮ್ಮನಿಗೆ, ಖಡ್ಗವೊಂದು ನಿನ್ನ ಹೃದಯವನ್ನು ತೂರಿಹೋಗುವುದೆಂದು ಮುನ್ಸೂಚನೆ ಕೊಟ್ಟ. ಆ ಖಡ್ಗವನ್ನು ಹಿಡಿಯುವ ಕೆಲಸವನ್ನು ದೇವರು ನಮಗೆ ವಹಿಸಿಲ್ಲ.

ಮುಂದಿನ ಕಥೆಯಲ್ಲಿ ನನ್ನ ಪಾತ್ರ ಕಡಿಮೆ. ನಾನು ಆ ವಾರ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ವಿಷಯ ಹೇಳಿದೆ, ಅಷ್ಟೇ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಎಪ್ಪತ್ತು ದಾಟಿದ ವಿಧವೆಯೊಬ್ಬರು, ನೀವು ದಿನವೂ ಬೆಳಗ್ಗೆ ಮೊದಲ ಬೆಂಚಿನಲ್ಲಿ ನೋಡುವವರು, "ನನಗೆ ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಏನೂ ಕೆಲಸ ಇಲ್ಲ ಸ್ವಾಮಿ," ಎಂದರು. ಲೂಕರು ಬರೆದ ಅನ್ನಳ ವಿಷಯ ಈಗಷ್ಟೇ ಕೇಳಿದಿರಿ. 84 ಎಂಬ ಸಂಖ್ಯೆಯನ್ನೂ ಬಿಡದೆ ಬರೆದಿದ್ದಾರೆ. ದೇವಾಲಯ ಬಿಟ್ಟು ಹೋಗದ ವಿಧವೆ, ಸರಿಯಾದ ಗಳಿಗೆಯಲ್ಲಿ ಆ ಕುಟುಂಬದ ಬಳಿಗೆ ಬಂದಳು ಎಂದು. ನಮ್ಮ ಅನ್ನಜ್ಜಿ ಮೊದಲ ದಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಸಿಸ್ಟರೊಬ್ಬರ ಜೊತೆ ಹೋಗಿ, ಮಗುವನ್ನು ಹೇಗೆ ಹಿಡಿಯಬೇಕು, ಟ್ಯೂಬು ಎಳೆಯದಂತೆ ಹೇಗೆ ನೋಡಿಕೊಳ್ಳಬೇಕು, ಮೈ ನೀಲಿಯಾದರೆ, ಕೆಮ್ಮು ನಿಲ್ಲದಿದ್ದರೆ ಯಾರನ್ನು ಕರೆಯಬೇಕು ಎಂದು ಕಲಿತರು. ಟ್ಯೂಬಿಗೆ ಹಾಲು ಹಾಕುವುದು ತಾಯ್ತಂದೆಯರದೇ ಕೆಲಸ, ಅವರಿಗೆ ಮಾತ್ರ ತರಬೇತಿ ಇದೆ. ಅಜ್ಜಿಯದು ಎತ್ತಿಕೊಳ್ಳುವ ಕೆಲಸ. ಹೋದೊಡನೆ ಬಳೆ ತೆಗೆದು ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಾರೆ. ನೆಗಡಿ ಇದ್ದರೆ ಹೋಗುವುದಿಲ್ಲ. ಮುತ್ತು ಕೊಡುವುದಿಲ್ಲ. ಜಪಸರ ಜೇಬಿನಲ್ಲೇ ಇರುತ್ತದೆ, ಕೈ ಖಾಲಿ ಇಲ್ಲವಲ್ಲ.

ಆಮೇಲೆ ಬೇರೆಯವರು ಸೇರಿಕೊಂಡರು. ಬಿಟಿಎಂ ಕಡೆಯ ಒಬ್ಬ ಯುವಕ ವಾರಕ್ಕೊಮ್ಮೆ ತನ್ನ ಆಟೋದಲ್ಲಿ ತಪಾಸಣೆಗೆ ಕರೆದೊಯ್ಯುತ್ತಾನೆ. ಬನ್ನೇರುಘಟ್ಟ ರಸ್ತೆಯ ದಟ್ಟಣೆಯಲ್ಲಿ ಮಗುವಿನ ಊಟದ ಹೊತ್ತಾದರೆ ಗಾಡಿ ಬದಿಗೆ ನಿಲ್ಲಿಸಿ ತಾನು ಇಳಿದು ನಿಲ್ಲುತ್ತಾನೆ. ಮೂರು ಮನೆಯವರು ಸರದಿಯಲ್ಲಿ ಸಾರು ಕಳಿಸುತ್ತಾರೆ. ಎಲ್ಲರೂ ಬಾಣಂತಿಗೆಂದು ಬೆಳ್ಳುಳ್ಳಿ ಸಾರನ್ನೇ ಕಳಿಸಿ, ಒಂದು ಹಂತದಲ್ಲಿ ಆ ಮನೆಯವರಿಗೆ ಬೆಳ್ಳುಳ್ಳಿ ಕಂಡರಾಗದ ಸ್ಥಿತಿ ಬಂದಿತ್ತೆಂದು ನಂತರ ತಿಳಿಯಿತು. ಕೇಳಿ ಕಳಿಸಿ, ದಯವಿಟ್ಟು.

ತಂದೆಯ ಬಗ್ಗೆ ನಾವು ಬಹಳ ತಡವಾಗಿ ಯೋಚಿಸಿದೆವು. ಸಿಮೆಯೋನ ಆಶೀರ್ವದಿಸಿದ್ದು ಯಾರನ್ನು ಎಂದು ಮನೆಗೆ ಹೋಗಿ ಬೈಬಲ್ ತೆರೆದು ನೋಡಿ. ಅಲ್ಲಿ 'ಅವರನ್ನು' ಎಂದಿದೆ. ತಂದೆತಾಯಿ ಇಬ್ಬರನ್ನೂ. ಈ ತಂದೆ ರಾತ್ರಿ ಪಾಳಿ ಮುಗಿಸಿ ಬಂದು ಬೆಳಗಿನ ಐದರ ಊಟವನ್ನು ತಾನೇ ಕೊಡುತ್ತಿದ್ದ. ಯಾರೂ ಅವನನ್ನು ಹೇಗಿದ್ದೀಯಪ್ಪ ಎಂದು ಕೇಳಿರಲಿಲ್ಲ. ಕೇಳಿದಾಗ ಅವನು ಹೇಳಿದ್ದು, ಆಸ್ಪತ್ರೆಯಲ್ಲಿ ಮಗುವನ್ನು ಬರಿಯ ಎದೆಗೆ ಕಟ್ಟಿಕೊಂಡು ಕುಳಿತಿದ್ದ ಗಂಟೆಗಳ ವಿಷಯ. ಕಾಂಗರೂ ಆರೈಕೆ ಎನ್ನುತ್ತಾರೆ ಅದಕ್ಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಇದ್ದಾಗ ವೈದ್ಯರು ಆರಂಭಿಸಿದ ಪದ್ಧತಿ. ನಮ್ಮ ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ, ಹಳ್ಳಿಗಳ ಮನೆಗಳಲ್ಲಿ ಬೇರೂರಿಸಲು ದುಡಿದಿದ್ದಾರೆ. ತಾಯಿಗೆ ಆಗದಾಗ ತಂದೆ, ಅಜ್ಜಿ, ಚಿಕ್ಕಮ್ಮ ಯಾರು ಬೇಕಾದರೂ ಎದೆಗೊಡಬಹುದು. ಸಿಮೆಯೋನನ ಚಿತ್ರ ನೋಡಿದಾಗಲೆಲ್ಲ ನನಗೆ ಈಗ ಈ ತಂದೆಯ ನೆನಪಾಗುತ್ತದೆ.

ನಮ್ಮ ಮಧ್ಯೆ ಇಂತಹ ಮನೆ ಇದೊಂದೇ ಅಲ್ಲ. ಸೀಳುತುಟಿ, ಸೀಳು ಅಂಗುಳಿನಿಂದ ಹುಟ್ಟಿದ ಮಕ್ಕಳಿದ್ದಾರೆ. ಅಂಗುಳು ಸೀಳಿದ್ದರೆ ಬಾಯಲ್ಲಿ ಚೀಪುವ ಒತ್ತಡ ಹುಟ್ಟುವುದಿಲ್ಲ, ಹಾಲು ಮೂಗಿನಿಂದ ಬರುತ್ತದೆ. ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದದ್ದರಿಂದ ಹೀಗಾಯಿತು ಎಂಬ ಮಾತನ್ನು ಕ್ರೈಸ್ತರ ಬಾಯಿಂದಲೂ ಕೇಳಿದ್ದೇನೆ. ಅದು ಸುಳ್ಳು. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರು ತಿಂಗಳ ನಂತರ, ಅದಕ್ಕೂ ಮಗುವಿನ ತೂಕ ಏರಿರಬೇಕು. ಅದಕ್ಕೇ ಉಣಿಸುವ ಒಂದೊಂದು ಹನಿಗೂ ಅಷ್ಟು ಬೆಲೆ. ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯ ಚಿಕಿತ್ಸೆಯೂ ಸೇರಿದೆ. ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಮ್ಮ ಜಯನಗರಕ್ಕೆ ಎಷ್ಟು ಹತ್ತಿರ! ನುಂಗುವ ತೊಂದರೆಗೆ ಮಾತು ಮತ್ತು ಶ್ರವಣ ತಜ್ಞರು ತರಬೇತಿ ಕೊಡುತ್ತಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರು ಮಾತು ಮಾತ್ರ ಕಲಿಸುತ್ತಾರೆ ಎಂದುಕೊಂಡಿರುತ್ತೇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆ ತಜ್ಞರಿದ್ದಾರೆ. ಮಗುವಿಗೆ ಒಂದೊಂದು ಊಟಕ್ಕೆ ಬಹಳ ಹೊತ್ತು ಹಿಡಿಯುತ್ತಿದ್ದರೆ, ಪ್ರತಿ ಸಲ ಕೆಮ್ಮು ಬರುತ್ತಿದ್ದರೆ, ತೂಕ ಏರದಿದ್ದರೆ 'ನಮ್ಮ ವಂಶದಲ್ಲಿ ಎಲ್ಲರೂ ಹೀಗೇ' ಎಂದು ಕೂರದೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು ಎದೆಹಾಲು ಹೇರಳವಾಗಿರುವ ತಾಯಂದಿರಿಗೆ. 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ ಎಂಬ ವೈದ್ಯೆ ತಾಯಿಹಾಲಿನ ಬ್ಯಾಂಕ್ ಸ್ಥಾಪಿಸಿದರು, ಏಷ್ಯಾದಲ್ಲೇ ಮೊದಲನೆಯದು. ನಮ್ಮ ನಗರದ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಂತಹದ್ದೊಂದು ಆರಂಭವಾಯಿತು. ದಾನಿಯನ್ನು ಪರೀಕ್ಷಿಸಿ, ಹಾಲನ್ನು ಶುದ್ಧೀಕರಿಸಿ, ತಾಯಿಹಾಲು ಸಿಗದ ಎಳೆಯ ಶಿಶುಗಳಿಗೆ ಕೊಡುತ್ತಾರೆ. ರಕ್ತದಾನ ಶಿಬಿರ ನಡೆಸುವ ನಮ್ಮ ಯುವಜನ ಕೂಟ ಇದರ ವಿಷಯವನ್ನೂ ಪ್ರಚಾರ ಮಾಡಲಿ.

ದಿವಂಗತ ಪೋಪ್ ಫ್ರಾನ್ಸಿಸರು 2014ರ ಜನವರಿಯಲ್ಲಿ ಸಿಸ್ಟೈನ್ ದೇವಾಲಯದಲ್ಲಿ ಶಿಶುಗಳಿಗೆ ಸ್ನಾನದೀಕ್ಷೆ ಕೊಡುವಾಗ, ಮಕ್ಕಳು ಹಸಿದಿದ್ದರೆ ಇಲ್ಲಿಯೇ ಹಾಲುಣಿಸಿ ಎಂದು ತಾಯಂದಿರಿಗೆ ಹೇಳಿದರು. ಮೈಕೆಲೇಂಜಲೋನ ಚಿತ್ರಗಳ ಕೆಳಗೆ! ನಮ್ಮ ದೇವಾಲಯದಲ್ಲಿ ಅಳುವ ಮಗುವಿನ ಕಡೆ ತಿರುಗಿ ನೋಡುವ ಕುತ್ತಿಗೆಗಳನ್ನು ನಾನು ಪೀಠದ ಮೇಲಿನಿಂದ ಎಣಿಸಬಲ್ಲೆ. ಪೂಜಾವಸ್ತ್ರಗಳ ಕೋಣೆಯ ಪಕ್ಕದಲ್ಲಿ ಹಳೆಯ ಪ್ರತಿಮೆಗಳು, ಮುರಿದ ಕುರ್ಚಿಗಳು ತುಂಬಿದ ಒಂದು ಕೋಣೆ ಇತ್ತು. ಪಾಲನಾ ಮಂಡಳಿಯವರು ಅದನ್ನು ತೆರವು ಮಾಡಿಸಿ ಬಣ್ಣ ಹೊಡೆಸಿದ್ದಾರೆ. ಎರಡು ಒರಗು ಕುರ್ಚಿ, ಕೈ ತೊಳೆಯಲು ನೀರು, ಸಿರಿಂಜು ನೇತುಹಾಕಲು ಗೋಡೆಯಲ್ಲಿ ಒಂದು ಕೊಕ್ಕೆ, ಪೂಜೆ ಕೇಳಿಸಲು ಸ್ಪೀಕರ್. ಇಂದಿನಿಂದ ತೆರೆದಿರುತ್ತದೆ.

ಆ ಮಗು ಈಗ ಹೇಗಿದೆ ಎಂದು ಕೇಳುತ್ತೀರಿ. ಪವಾಡದ ಸುದ್ದಿ ಹೇಳಲು ನನ್ನ ಬಳಿ ಇಲ್ಲ. ಈಗ ಹದಿನಾರು ತಿಂಗಳು. ಜೂನ್‌ನಲ್ಲಿ ತಜ್ಞರು ಅದೇ ಬೆಳ್ಳಿಯ ಒಳಲೆಯಿಂದ ಮೊದಲ ಹನಿಗಳನ್ನು ಕೊಡಿಸಿದರು. ನವೆಂಬರ್‌ನಲ್ಲಿ ಟ್ಯೂಬು ತೆಗೆದರು, ನಾವೆಲ್ಲ ಕೇಕ್ ಕತ್ತರಿಸಿದೆವು. ಡಿಸೆಂಬರ್‌ನಲ್ಲಿ ನೆಗಡಿ ಶ್ವಾಸಕೋಶಕ್ಕೆ ಇಳಿದು ಮತ್ತೆ ಹಾಕಬೇಕಾಯಿತು. ಅಂದು ರಾತ್ರಿ ಆ ತಾಯಿ ಅತ್ತದ್ದನ್ನು ಅನ್ನಜ್ಜಿ ನನಗೆ ಹೇಳಿದರು. ಹೊಟ್ಟೆಗೆ ನೇರವಾಗಿ ಟ್ಯೂಬು ಇಡುವ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರು ಮಾತನಾಡುತ್ತಿದ್ದಾರೆ. ಮೊನ್ನೆ ರಾಗಿ ಸರಿ ಮೂರು ಚಮಚ ಹೋಯಿತು, ನಲವತ್ತು ನಿಮಿಷ ಹಿಡಿಯಿತು. ಮಗು ಅನ್ನಜ್ಜಿಯ ಕನ್ನಡಕ ಕಿತ್ತು ಎಸೆಯುವುದರಲ್ಲಿ ಮಾತ್ರ ಯಾರಿಗೂ ಕಡಿಮೆ ಇಲ್ಲ.

ಅನ್ನಜ್ಜಿಗೂ ಮಂಡಿ ನೋವು ಹೆಚ್ಚಾಗಿದೆ. ಮಂಗಳವಾರ ಮತ್ತು ಶುಕ್ರವಾರ ಹನ್ನೊಂದರಿಂದ ಒಂದರವರೆಗೆ ಬೇರೆಯವರು ಬೇಕು. ಪೂಜೆಯ ನಂತರ ಬಾಗಿಲ ಬಳಿ ಸಿಸ್ಟರ್ ಒಂದು ಪುಸ್ತಕ ಹಿಡಿದು ನಿಂತಿರುತ್ತಾರೆ. ಹೆಸರು ಬರೆಸುವವರು ಒಂದು ದಿನದ ಉತ್ಸಾಹಕ್ಕೆ ಬರೆಸಬೇಡಿ, ಆರು ತಿಂಗಳು ಬರಲಾಗುವವರು ಮಾತ್ರ ಬರೆಸಿ.

ನಾಳೆ ಸಂತ ಬ್ಲೇಸರ ಆಶೀರ್ವಾದ ಬೆಳಗ್ಗೆ ಆರೂವರೆಗೆ ಮತ್ತು ಸಂಜೆ ಆರಕ್ಕೆ. ಬರಲಾಗದ ಮಕ್ಕಳು, ರೋಗಿಗಳು ಇರುವ ಮನೆಗಳಿಗೆ ಮಧ್ಯಾಹ್ನ ನಾನೇ ಬತ್ತಿ ತರುತ್ತೇನೆ. ಮೊದಲ ಮನೆ ಯಾವುದೆಂದು ನಿಶ್ಚಯವಾಗಿದೆ, ಹೋದ ವರ್ಷದ ಬಾಕಿ ಇದೆ. ಎರಡು ಗಂಟೆಯ ಊಟ ಮುಗಿದ ಮೇಲೆ ಬನ್ನಿ ಎಂದಿದ್ದಾರೆ. ಈಗ ಎಲ್ಲರೂ ಎದ್ದು ನಿಲ್ಲೋಣ. ಇಂದಿನ ವಿಶ್ವಾಸಿಗಳ ಪ್ರಾರ್ಥನೆಯ ಮೊದಲ ಬಿನ್ನಹವನ್ನು ಆ ಮಗುವಿನ ತಂದೆ ಓದುತ್ತಾರೆ.